ಔಷಧಿ ಗಾಡಿ

ಅಟ್ಟದಿಂದ ಇಳಿಸಿದಾಗ ಅದರ ಮೈಯೆಲ್ಲ ಇಲಿಹಿಕ್ಕೆ, ಜೇಡರ ಬಲೆ. ಆದರೂ ಔಷಧಿಯ ವಾಸನೆ ಹೋಗಿರಲಿಲ್ಲ. ಬೆನ್ನಿಗೆ ಕಟ್ಟಿಕೊಂಡು ಗದ್ದೆಗೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಅದು. ನಮ್ಮ ಮನೆಯವರ ಬಾಯಲ್ಲಿ ಬರೀ ‘ಮಿಷನ್ನು’. ಔಷಧಿ ತುಂಬುವ ಪ್ಲಾಸ್ಟಿಕ್ ಡಬ್ಬದ ತಳ ಒಡೆದು, ಆನೆಸೊಂಡಿಲಿನಂಥ ಕೊಳವೆ ಎರಡು ಕಡೆ ಸೀಳಿ, ಎರಡು ವರ್ಷದಿಂದ ಅಟ್ಟ ಸೇರಿತ್ತು. ಕೆಳಗಿನ ಎಂಜಿನ್ನು ಮಾತ್ರ ಇದ್ದ ಹಾಗೇ ಇತ್ತು. ಅದರ ಮೇಲಿನ ಅಲ್ಯೂಮಿನಿಯಂ ಪಟ್ಟಿಯ ಮಸಿ ಒರೆಸಿದರೆ ಮೂರು ಸಂಗತಿ ಓದಲು ಸಿಕ್ಕವು: ಟೂ ಸ್ಟ್ರೋಕ್, 35 ಸಿ.ಸಿ., 1.2 ಎಚ್.ಪಿ.

ನನಗಾಗ ಹದಿನಾರು. 1992ರ ಏಪ್ರಿಲ್ ತಿಂಗಳು, ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಕೂತಿದ್ದೆ. ಹರಿಹರದಿಂದ ಶಿವಮೊಗ್ಗ ರಸ್ತೆಯಲ್ಲಿ ಒಂಬತ್ತು ಕಿಲೋಮೀಟರು ಬಂದರೆ ಭದ್ರಾ ನಾಲೆಯ ಪಕ್ಕ ನಮ್ಮೂರು. ಆಗಿನ್ನೂ ದಾವಣಗೆರೆ ಜಿಲ್ಲೆಯಾಗಿರಲಿಲ್ಲ. ಕಾಗದದ ಮೇಲೆ ನಾವೆಲ್ಲ ಚಿತ್ರದುರ್ಗದವರು. ನಾಲೆಯ ನೀರು ಬಂದ ಮೇಲೆ ಭತ್ತ, ಭತ್ತ ಬಂದ ಮೇಲೆ ಹುಳ, ಹುಳ ಬಂದ ಮೇಲೆ ಮಿಷನ್ನು. ಹೀಗೆ ನಮ್ಮ ಮನೆಯ ಹೊಸ್ತಿಲು ದಾಟಿದ ಮೊದಲ ಎಂಜಿನ್ನು ಅದು. ಊರಲ್ಲಿ ಆಗಲೇ ನಾಲ್ಕೈದು ಲೂನಾ, ಒಂದೆರಡು ಟಿವಿಎಸ್ 50 ಓಡಾಡುತ್ತಿದ್ದವು. ಲೂನಾ ನಾನು ಹುಟ್ಟುವ ಮೊದಲೇ, 1972ರಲ್ಲಿ ಬಂದದ್ದು. ಟಿವಿಎಸ್ 50 ಹೊಸೂರಿನಿಂದ 1980ರಲ್ಲಿ ಹೊರಟದ್ದು. ಪೆಡ್ಲಿರುವ ಆ ಗಾಡಿಗಳನ್ನು ನೋಡಿ ನೋಡಿ ನನ್ನ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತ್ತು. ಲೂನಾ ಅಂದರೆ ಎಂಜಿನ್ ಇರುವ ಸೈಕಲ್ಲು. ಮನೆಯಲ್ಲಿ ಸೈಕಲ್ಲಿದೆ, ಅಟ್ಟದ ಮೇಲೆ ಎಂಜಿನ್ನಿದೆ. ಕೂಡಿಸಿದರೆ ಆಯಿತು.

ಮನೆಯಲ್ಲಿದ್ದ ಸೈಕಲ್ಲಾದರೂ ಎಂಥದ್ದು? ಹರಿಹರದ ಒಂದು ಬಾಡಿಗೆ ಸೈಕಲ್ ಅಂಗಡಿಯವರು ವ್ಯಾಪಾರ ಕೈಬಿಟ್ಟು ಎಲ್ಲ ಮಾರುವಾಗ ಅಪ್ಪ ತಂಗಿಗೆಂದು ಎಪ್ಪತ್ತು ರೂಪಾಯಿಗೆ ತಂದದ್ದು. ಇಪ್ಪತ್ತು ಇಂಚಿನ ಗಾಲಿ, ಗಿಡ್ಡ ಫ್ರೇಮು, ಹಿಂದಿನ ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ 7 ಎಂಬ ನಂಬರು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಹೋಗುತ್ತಿದ್ದ ಸೈಕಲ್ಲು. ಎಷ್ಟು ಮಕ್ಕಳ ಮೊಣಕಾಲು ಕೆತ್ತಿತ್ತೋ. ನಮ್ಮ ಕಡೆ ಹುಡುಗರು ದೊಡ್ಡ ಸೈಕಲ್ಲಿನಲ್ಲಿ ಒಳಪೆಡ್ಲು ಹೊಡೆದೇ ಕಲಿಯುವುದು. ಇಂಥ ಚಿಕ್ಕ ಸೈಕಲ್ಲು ಬಾಡಿಗೆ ಕೊಡುವಷ್ಟು ಕಾಸಿದ್ದವರ ಮಕ್ಕಳ ಪಾಲು. ಅಪ್ಪನ ದೊಡ್ಡ ಸೈಕಲ್ಲನ್ನು ಮುಟ್ಟುವ ಹಾಗಿರಲಿಲ್ಲ. ಹಾಲು ಹಾಕಲು ಅದೇ ಬೇಕು. ಹಾಗಾಗಿ ತಂಗಿಯ ಜೊತೆ ಒಪ್ಪಂದವಾಯಿತು: ಗಾಡಿ ತಯಾರಾದ ದಿನ ಮೊದಲು ಹತ್ತುವುದು ಅವಳು. ಹದಿಮೂರು ವರ್ಷದ ಅವಳು ಇದನ್ನು ದೇವರ ಪಟದ ಹಿಂದಿನ ಕ್ಯಾಲೆಂಡರಿನ ಮೇಲೆ ಬರೆಸಿ ನನ್ನ ಸಹಿ ಹಾಕಿಸಿಕೊಂಡಳು.

ಬುದ್ಧಿ ಬೇಕಾದದ್ದು ಸೋದರಮಾವನದು. ಅವ್ವನ ಅಣ್ಣ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್. 1941ರಿಂದ ಲೇತು ತಯಾರಿಸುತ್ತಿದ್ದ ಕಾರ್ಖಾನೆ. ಲೇತು ಅಂದರೆ ಬೇರೆ ಯಂತ್ರಗಳ ಬಿಡಿಭಾಗ ಹುಟ್ಟಿಸುವ ಯಂತ್ರ. ಪಾಳಿ ಬಿಡುವ ಹೊತ್ತಿಗೆ ಗೇಟಿನಿಂದ ಸೈಕಲ್ಲುಗಳು ಹೊಳೆಯ ನೀರಿನ ಹಾಗೆ ಹೊರಬೀಳುತ್ತಿದ್ದವು, ಅದರಲ್ಲೊಂದು ಮಾವನದು. ಮಾತು ಕಡಿಮೆ. ಯಾವ ವಸ್ತು ಕೈಗೆ ಕೊಟ್ಟರೂ ಮೊದಲು ಬೆರಳಿನಿಂದ ಅದರ ಅಂಚು ಸವರಿ ನೋಡುವ ಅಭ್ಯಾಸ. ತಟ್ಟೆ ಕೊಟ್ಟರೂ ಅಷ್ಟೆ. ಅವ್ವ ಬೈಯುತ್ತಿದ್ದಳು, “ತಟ್ಟೆ ತೊಳ್ದೀನಿ ತಗೋ ಅಣ್ಣಾ, ಏನು ಹಂಗೆ ನೋಡ್ತೀ?”

ಭಾನುವಾರ ಬಂದ ಮಾವನ ಮುಂದೆ ನನ್ನ ನಕ್ಷೆ ಹಿಡಿದೆ. ರಫ್ ಬುಕ್ಕಿನ ಎರಡು ಪುಟದ ತುಂಬ ಎಂಜಿನ್ನು, ಚೈನು, ಹಲ್ಲಿನ ಚಕ್ರಗಳು. ಮಾವ ಒಂದೇ ಪ್ರಶ್ನೆ ಕೇಳಿದ.

“ಕ್ಲಚ್ ಎಲ್ಲೈತಿ?”

ಇರಲಿಲ್ಲ. ಸ್ಪ್ರೇಯರಿನ ಎಂಜಿನ್ನಿಗೆ ಕ್ಲಚ್ಚಿನ ಹಂಗಿಲ್ಲ. ದಂಡಕ್ಕೆ ನೇರವಾಗಿ ಗಾಳಿ ಬೀಸುವ ಚಕ್ರ ಸಿಕ್ಕಿಸಿರುತ್ತಾರೆ, ಎಂಜಿನ್ ತಿರುಗಿದಷ್ಟೂ ಅದೂ ತಿರುಗುತ್ತದೆ. ಅದನ್ನೇ ಚೈನಿನಿಂದ ಗಾಲಿಗೆ ಕಟ್ಟಿದರೆ ಗಾಡಿ ನಿಂತಾಗೆಲ್ಲ ಎಂಜಿನ್ನೂ ನಿಲ್ಲಬೇಕು. ಲೂನಾದಲ್ಲಿ ವೇಗ ಏರಿದಾಗ ತಾನೇ ಹಿಡಿದುಕೊಳ್ಳುವ ಕ್ಲಚ್ಚಿದೆ. ಅದನ್ನು ಗುಜರಿಯಿಂದ ತಂದು ಇದಕ್ಕೆ ಹೊಂದಿಸುವುದು ರಜೆಯಲ್ಲಿ ಮುಗಿಯುವ ಕೆಲಸವಲ್ಲ. ಮಾವ ನನ್ನ ನಕ್ಷೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದ. ಮುಂದಿನ ಭಾನುವಾರ ಬಂದಾಗ ಅದೇ ಹಾಳೆಯ ಬೆನ್ನಿಗೆ ಬೇರೊಂದು ಚಿತ್ರವಿತ್ತು: ಹಿಂದಿನ ಕ್ಯಾರಿಯರಿನ ಮೇಲೆ ಕೀಲಿನ ಮೇಲೆ ಕೂತ ಎಂಜಿನ್ನು, ಅದರ ದಂಡಕ್ಕೊಂದು ಕಬ್ಬಿಣದ ಉರುಳೆ, ಉರುಳೆ ನೇರ ಟೈರಿನ ಮೇಲೆ. ಇಳಿಸಿದರೆ ಟೈರಿಗೆ ತಾಗಿ ತಿರುಗಿಸುತ್ತದೆ, ಎತ್ತಿದರೆ ಬಿಡುತ್ತದೆ. ಕ್ಲಚ್ಚೂ ಅದೇ, ಗೇರೂ ಅದೇ.

ಇದು ಮಾವ ಹೊಸದಾಗಿ ಕಂಡುಹಿಡಿದದ್ದೇನಲ್ಲ. ಫ್ರಾನ್ಸಿನಲ್ಲಿ 1946ರಿಂದ ಮಾರಾಟವಾದ ವೆಲೋಸೊಲೆಕ್ಸ್ ಎಂಬ ಗಾಡಿ ಹೀಗೇ ಓಡುತ್ತಿತ್ತು, ಅದರ ಎಂಜಿನ್ನು ಮುಂದಿನ ಗಾಲಿಯ ಮೇಲೆ, ಅಷ್ಟೇ ವ್ಯತ್ಯಾಸ. ಅದು ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ. ಮಾವನಿಗೆ ಗೊತ್ತಿತ್ತೋ ಇಲ್ಲವೋ, ಕೇಳಲಿಲ್ಲ.

ಉರುಳೆಯ ಅಳತೆಯ ಬಗ್ಗೆ ನಮ್ಮಿಬ್ಬರಿಗೂ ಒಂದು ವಾದವಾಯಿತು. ಇವತ್ತಿಗೂ ನೆನೆದರೆ ನನಗೆ ಖುಷಿ, ಯಾಕೆಂದರೆ ಅದರಲ್ಲಿ ನಾನು ಪೂರ್ತಿ ಸೋತೆ. ನನ್ನ ಕೊರಗು ಏನೆಂದರೆ, ತಂಗಿಯ ಸೈಕಲ್ಲಿನ ಗಾಲಿ ಚಿಕ್ಕದು. ಒಂದು ಸುತ್ತಿಗೆ ಒಂದೂವರೆ ಮೀಟರಿಗಿಂತ ಸ್ವಲ್ಪ ಹೆಚ್ಚು ಹೋಗುತ್ತದೆ, ಅಷ್ಟೆ. ದೊಡ್ಡ ಸೈಕಲ್ಲಿನದು ಎರಡು ಮೀಟರು ದಾಟುತ್ತದೆ. ಹಾಗಾದರೆ ನಮ್ಮ ಗಾಡಿ ಲೂನಾಕ್ಕಿಂತ ನಿಧಾನವೇ ತಾನೆ? ಮಾವ ಅಡುಗೆಮನೆಯಿಂದ ಲಟ್ಟಣಿಗೆ ತಂದು, ನನ್ನ ಕೈಗೆ ಅವ್ವನ ಕೊಳದಪ್ಪಲೆಯ ಮುಚ್ಚಳ ಕೊಟ್ಟು ಅಂಚಿಗೆ ಅಂಚು ತಾಗಿಸಿ ಉರುಳಿಸಿದ. ಆಮೇಲೆ ಮುಚ್ಚಳ ತೆಗೆದು ಸಣ್ಣ ತಟ್ಟೆ ಹಿಡಿಸಿದ. “ಲಟ್ಟಣಿಗೆ ಒಂದು ಸುತ್ತು ಬಂದ್ರೆ ಇದರ ಅಂಚು ಎಷ್ಟು ಜರುಗ್ತತಿ? ಅದರ ಅಂಚು ಎಷ್ಟು ಜರುಗ್ತತಿ?” ಎರಡೂ ಒಂದೇ. ಉರುಳೆಯ ಅಂಚು ಎಷ್ಟು ಓಡುತ್ತದೋ ಟೈರಿನ ಅಂಚೂ ಅಷ್ಟೇ ಓಡಬೇಕು, ಟೈರಿನ ಅಂಚು ಓಡಿದಷ್ಟೇ ರಸ್ತೆ. ನಡುವಿನ ಗಾಲಿ ಚಿಕ್ಕದಾದರೇನು, ಎತ್ತಿನ ಗಾಡಿಯದಾದರೇನು. ವೇಗ ನಿಂತಿರುವುದು ಉರುಳೆಯ ದಪ್ಪದ ಮೇಲೆ.

ಉರುಳೆ ಮೂವತ್ತು ಮಿಲಿಮೀಟರ್ ಇರಲಿ ಅಂದ ಮಾವ. ಎಂಜಿನ್ನು ನಿಮಿಷಕ್ಕೆ ಐದು ಸಾವಿರ ಸುತ್ತು ಹಾಕಿದರೆ ಗಂಟೆಗೆ ಇಪ್ಪತ್ತೆಂಟು ಕಿಲೋಮೀಟರಾಗುತ್ತದೆ. ನನಗೆ ನಲವತ್ತು ಮಿಲಿಮೀಟರ್ ಬೇಕಿತ್ತು, ಮೂವತ್ತೇಳರ ವೇಗಕ್ಕೆ. “ದಪ್ಪ ಮಾಡಿದ್ರೆ ಏರಿನಾಗೆ ಉಸಿರು ಕಟ್ತತಿ” ಎಂದು ಮುಗಿಸಿಬಿಟ್ಟ. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಅವನ ಸ್ನೇಹಿತರ ಪುಟ್ಟ ಲೇತಿನ ಅಂಗಡಿ. ಅಲ್ಲೇ ಒಂದು ಸಂಜೆ ಉರುಳೆ ಹುಟ್ಟಿತು. ನೀಲಿ ಸುರುಳಿ ಸುರುಳಿಯಾಗಿ ಚೂರು ಬೀಳುವುದು, ಮೇಲೆ ಸುರಿವ ನೀರೆಣ್ಣೆಯ ಹಾಲುಬಣ್ಣ, ಕೊನೆಗೆ ಟೈರು ಜಾರದಂತೆ ಮೈಮೇಲೆ ನರ್ಲಿಂಗ್ ಹಾಕಿದಾಗ ಮೂಡಿದ ಹಲಸಿನ ಸಿಪ್ಪೆಯಂಥ ಗೆರೆ. ಬಿಸಿ ಇರುವಾಗಲೇ ಕೈಗೆ ತಗೊಂಡು ಬೆರಳು ಸುಟ್ಟುಕೊಂಡೆ.

ಉಳಿದದ್ದೆಲ್ಲ ಹುಡುಕಾಟ. ಎಂಜಿನ್ ಕೂರುವ ಪಟ್ಟಿ ಹಳೆಯ ನೇಗಿಲಿನ ಗುಜರಿಯದು. ಕೀಲು ಬಾಗಿಲಿನದು. ಉರುಳೆಯನ್ನು ಟೈರಿಗೆ ಒತ್ತಿಹಿಡಿಯುವ ಸ್ಪ್ರಿಂಗು ಮಾವನ ಹಳೇ ಸೈಕಲ್ ಸೀಟಿನದು. ಎತ್ತಿಳಿಸುವ ಹಿಡಿಗೆ ಬ್ರೇಕ್ ವಯರು. ಉರುಳೆ ಟೈರಿನ ನಡುಮಧ್ಯಕ್ಕೆ ಬರಬೇಕಾದ್ದರಿಂದ ಎಂಜಿನ್ನು ಎಡಕ್ಕೆ ಸರಿದು ಕೂತಿತು. ಏಳೆಂಟು ಕಿಲೋ ತೂಕ ಒಂದೇ ಮಗ್ಗುಲಿಗೆ. ಸೈಕಲ್ಲು ಒಂದು ಕಡೆ ಕೊಡ ಹೊತ್ತವಳ ಹಾಗೆ ವಾಲುತ್ತಿತ್ತು. ಬಲಕ್ಕೆ ಪಾನ, ಸ್ಪ್ಯಾನರ್, ಕಲ್ಲು ತುಂಬಿದ ಚೀಲ ನೇತುಹಾಕಿ ಸರಿಮಾಡಿದೆವು.

ಪೆಟ್ರೋಲ್ ಟ್ಯಾಂಕು ದೊಡ್ಡ ತಲೆನೋವು. ಸ್ಪ್ರೇಯರಿನದು ಸೀಳಿತ್ತು. ಕಡೆಗೆ ಕೊಬ್ಬರಿ ಎಣ್ಣೆಯ ತಗಡಿನ ಡಬ್ಬಿಗೆ ಬೆಸುಗೆ ಹಾಕಿಸಿ, ಹಳೆಯ ನಲ್ಲಿ ಕೂರಿಸಿ, ಸೀಟಿನ ಹಿಂದೆ ಎತ್ತರಕ್ಕೆ ಕಟ್ಟಿದೆವು. ನಾಚಿಕೆಯಾಗುತ್ತಿತ್ತು, ಅಷ್ಟು ಚೆಂದದ ಎಂಜಿನ್ನಿಗೆ ತಲೆಗೆಣ್ಣೆಯ ಡಬ್ಬಿ. ಆ ನಾಚಿಕೆ ಹೋದದ್ದು ನಲವತ್ತು ದಾಟಿದ ಮೇಲೆ, ಹೋಂಡಾದ ಕತೆ ಓದಿದಾಗ. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಜಪಾನಿನ ಹಮಾಮಾತ್ಸುವಿನಲ್ಲಿ ಸೊಯ್ಚಿರೊ ಹೋಂಡಾ ಕೂಡ ಇದನ್ನೇ ಮಾಡುತ್ತಿದ್ದರು. ಸೈನ್ಯದ ವೈರ್‌ಲೆಸ್ಸಿಗೆ ಕರೆಂಟು ಕೊಡುತ್ತಿದ್ದ ಸಣ್ಣ ಜನರೇಟರುಗಳ ಎಂಜಿನ್ನು ಕೊಂಡು ಸೈಕಲ್ಲಿಗೆ ಕೂರಿಸುವುದು. ಅವರ ಮೊದಲ ಗಾಡಿಯ ಟ್ಯಾಂಕು ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ಡಬ್ಬಿ! ಅವರ ಹೆಂಡತಿ ಸಾಚಿ ಆ ಗಾಡಿ ಓಡಿಸಿ ನೋಡಿದವರಲ್ಲಿ ಒಬ್ಬರು. ಓದಿದವನೇ ತಂಗಿಗೆ ಫೋನು ಮಾಡಿದೆ. “ಕ್ಯಾಲೆಂಡರ್ ಇನ್ನೂ ಐತಿ” ಅಂದಳು. ಮಾತಿಗೆ ತಪ್ಪಿದ್ದನ್ನು ಅವಳು ಮರೆತಿರಲಿಲ್ಲ.

ತಪ್ಪಿದ್ದು ಹೌದು. ಮೇ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ, ನಾಲೆಯ ಏರಿಯ ಮೇಲೆ, ನಾನೇ ಮೊದಲು ಹತ್ತಿದೆ. ಲೀಟರ್ ಪೆಟ್ರೋಲಿಗೆ ನಲವತ್ತು ಎಂ.ಎಲ್. ಟೂಟಿ ಎಣ್ಣೆ, ಬಂಕಿನಲ್ಲಿ ಆಗ ಸ್ಕೂಟರಿನವರಿಗೆ ಕೈಪಂಪಿನಿಂದ ಬೆರೆಸಿಕೊಡುತ್ತಿದ್ದರು. ಪಾಯಿಂಟು ಉಜ್ಜಿ, ಪ್ಲಗ್ಗಿನ ಮಸಿ ಕೆರೆದು, ಗ್ಯಾಪು ಸರಿಮಾಡಿದ್ದು ಮಾವ. ಉರುಳೆ ಎತ್ತಿಟ್ಟು ಜೋರಾಗಿ ತುಳಿದು, ಹಿಡಿ ಬಿಟ್ಟೆ. ಉರುಳೆ ಟೈರಿಗೆ ತಾಗಿದ್ದೇ ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗಾಯಿತು. ಇನ್ನೆರಡು ತುಳಿತ. ಕೆಮ್ಮು, ನೀಲಿ ಹೊಗೆ, ಮತ್ತೆ ಕೆಮ್ಮು. ಆಮೇಲೆ ಜಗ್ಗುತ್ತಿದ್ದ ಕೈಯೇ ನನ್ನನ್ನು ಮುಂದಕ್ಕೆ ನೂಕಿತು.

ಪೆಡ್ಲು ತುಳಿಯದೆ ಸೈಕಲ್ಲು ಮುಂದೆ ಹೋಗುವುದು ಇಳಿಜಾರಿನಲ್ಲಿ ಎಲ್ಲರಿಗೂ ಗೊತ್ತಿರುವುದೇ. ಸಮನೆಲದಲ್ಲಿ ಅದು ಬೇರೆ. ಕಾಲುಗಳಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಇಷ್ಟು ವರ್ಷ ದುಡಿದ ಆಳನ್ನು ಒಮ್ಮೆಲೇ ಕಟ್ಟೆಯ ಮೇಲೆ ಕೂರಿಸಿದರೆ ಅವನು ಕೈಕೈ ಹಿಸುಕಿಕೊಳ್ಳುತ್ತಾನಲ್ಲ, ಹಾಗೆ ಅವೆರಡೂ ಪೆಡ್ಲಿನ ಮೇಲೆ ಚಡಪಡಿಸುತ್ತಿದ್ದವು. ಗದ್ದೆಯಲ್ಲಿದ್ದವರು ಸದ್ದು ಕೇಳಿ ತಲೆ ಎತ್ತಿದರು. ಸದ್ದು ಅವರಿಗೆ ಗೊತ್ತಿದ್ದದ್ದೇ. “ಯಾರ ಗದ್ದಿಗಲೇ ಔಷಧಿ ಹೊಡ್ಯಾಕೆ ಹೊಂಟೀ?” ಎಂದು ಒಬ್ಬರು ಕೂಗಿದರು. ಅಂದಿನಿಂದ ಊರಲ್ಲಿ ಅದರ ಹೆಸರು ಔಷಧಿ ಗಾಡಿ.

ಮರಳಿ ಬಂದು ಮಾವನ ಮುಂದೆ ನಿಲ್ಲಿಸಲು ಹೋದೆ. ನಿಲ್ಲಲಿಲ್ಲ. ಮಾವನನ್ನು ದಾಟಿ, ತೂಬು ದಾಟಿ, ಎರಡೂ ಕಾಲು ನೆಲಕ್ಕೆ ಉಜ್ಜಿ, ಬೇವಿನ ಮರದ ಹತ್ತಿರ ನಿಂತಿತು. ಆಗಲೇ ಮಾವ ಜೇಬಿನಿಂದ ಚಾಕ್‌ಪೀಸ್ ತೆಗೆದದ್ದು.

ಮುಂದಿನ ಅರ್ಧ ಗಂಟೆ ನನ್ನ ಮಟ್ಟಿಗೆ ಇಡೀ ರಜೆಯಲ್ಲೇ ದೊಡ್ಡದು. ಏರಿಯ ಡಾಂಬರಿನ ಮೇಲೆ ಮಾವ ಅಡ್ಡಗೆರೆ ಎಳೆದ. ಮೊದಲು ಎಂಜಿನ್ನಿಲ್ಲದೆ, ಮಾಮೂಲಿ ತುಳಿದು ಬಂದು, ಗೆರೆಯ ಮೇಲೆ ಬ್ರೇಕ್ ಹಿಡಿ ಅಂದ. ನಿಂತಲ್ಲಿ ಇನ್ನೊಂದು ಗೆರೆ. ನಡುವೆ ನಾಲ್ಕು ಹೆಜ್ಜೆ. ಆಮೇಲೆ ಎಂಜಿನ್ ಮೇಲೆ ಬಂದು, ಅದೇ ಗೆರೆಗೆ ಉರುಳೆ ಎತ್ತಿ ಬ್ರೇಕ್ ಹಿಡಿದೆ. ಮಾವ ಹೆಜ್ಜೆ ಹಾಕುತ್ತ ಎಣಿಸಿದ. ಹದಿನೇಳು. ವೇಗ ಎರಡರಷ್ಟಾಗಿತ್ತು, ನಿಲ್ಲಲು ನಾಲ್ಕರಷ್ಟು ನೆಲ ಕೇಳಿತು. ವೇಗ ಎರಡು ಪಟ್ಟಾದರೆ ಗಾಡಿಯಲ್ಲಿ ಕೂಡಿಕೊಳ್ಳುವ ಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬ ಸೂತ್ರ ಆ ವರ್ಷ ಪಿಯುಸಿಯಲ್ಲಿ ಪಾಠವಾದಾಗ ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. ನನಗೆ ಕಂಡದ್ದು ಡಾಂಬರಿನ ಮೇಲಿನ ಗೆರೆ.

ಮಾವ ಸೈಕಲ್ಲನ್ನು ಮಗುಚಿ ಹಾಕಿ ಗಾಲಿಯ ಕಡ್ಡಿಗಳನ್ನು ಒಂದೊಂದಾಗಿ ಮಿಡಿದು ನೋಡುತ್ತ ಹೇಳಿದ, “ಇದನ್ನ ಮಾಡ್ದೋನು ಕಾಲಿನ ಲೆಕ್ಕ ಇಟ್ಕಂಡು ಮಾಡ್ಯಾನೆ. ಅದೂ ಸಣ್ಣ ಹುಡುಗ್ರ ಕಾಲು.” ಅಷ್ಟೇ ಅಂದದ್ದು. ನಾನು ಅದನ್ನು ಬಿಡಿಸಿಕೊಂಡದ್ದು ನಿಧಾನಕ್ಕೆ. ಒಬ್ಬ ಸಾಧಾರಣ ಮನುಷ್ಯ ದಣಿಯದೆ ತುಳಿಯುತ್ತ ಹೋದರೆ ಅವನ ಕಾಲಿನಿಂದ ಬರುವುದು ಒಂದು ಎಚ್.ಪಿ.ಯ ಹತ್ತನೇ ಒಂದು ಪಾಲು. ನಮ್ಮ ಎಂಜಿನ್ನು 1.2. ಹನ್ನೆರಡು ಜನ ಒಟ್ಟಿಗೆ ಕೂತು ತುಳಿದ ಹಾಗೆ, ಅದೂ ಮಕ್ಕಳ ಸೈಕಲ್ಲನ್ನು. ಅದರ ಕ್ಯಾರಿಯರ್ ಪುಸ್ತಕದ ಚೀಲಕ್ಕೆ, ಬ್ರೇಕ್ ರಬ್ಬರು ಓಣಿಯ ವೇಗಕ್ಕೆ, ನಟ್ಟುಗಳು ನಡುಗದ ಫ್ರೇಮಿಗೆ ಎಂದು ಮಾಡಿದ್ದು. ಎಂಜಿನ್ ಕೂರಿಸಿದ ಮೇಲೆ ಒಂದೊಂದೇ ಬಂದು ತನ್ನ ಅಳತೆ ಹೇಳತೊಡಗಿತು. ಮೊದಲ ವಾರ ಕ್ಯಾರಿಯರಿನ ಕಾಲು ಮುರಿಯಿತು. ಎರಡನೇ ವಾರ ಮಡ್‌ಗಾರ್ಡು. ನಟ್ಟುಗಳು ಬಿಗಿ ಮಾಡಿದಷ್ಟೂ ಬಿಚ್ಚಿಕೊಳ್ಳುತ್ತಿದ್ದವು. ಸ್ಪ್ರಿಂಗ್ ವಾಷರ್ ಹಾಕಿ, ನಟ್ಟಿನ ಮೇಲೆ ನಟ್ಟು ಕೂರಿಸಬೇಕಾಯಿತು. ಗಾಲಿ ಮಾತ್ರ ಹಂದಲಿಲ್ಲ. ನಾನು ಹಳಿದಿದ್ದ ಆ ಚಿಕ್ಕ ಗಾಲಿಯ ಕಡ್ಡಿಗಳು ಗಿಡ್ಡ, ಹಾಗಾಗಿ ಗಟ್ಟಿ. ಮಳೆಗಾಲದವರೆಗೂ ಒಮ್ಮೆಯೂ ಬೆಂಡು ತೆಗೆಸಲಿಲ್ಲ.

ಬ್ರೇಕಿಗೆ ಹೊಸ ರಬ್ಬರು ಬಂತು, ಹಿಂದಕ್ಕೆ ಇನ್ನೊಂದು ಜೋಡಿ. ಎಂಜಿನ್ ಆರಿಸಲು ಮಾವ ಕಾಲಿಂಗ್ ಬೆಲ್ಲಿನ ಒತ್ತುಗುಂಡಿ ತಂದು ಹ್ಯಾಂಡಲಿಗೆ ಕಟ್ಟಿದ. ಮ್ಯಾಗ್ನೆಟೊದ ವಯರನ್ನು ಅದರ ಮೂಲಕ ಫ್ರೇಮಿಗೆ ತಾಗಿಸಿದರೆ ಕಿಡಿ ಸತ್ತು ಎಂಜಿನ್ ಆರುತ್ತದೆ. ಬೇರೆಯವರ ಮನೆಯಲ್ಲಿ ಒತ್ತಿದರೆ ಸದ್ದು ಮಾಡುವ ಗುಂಡಿ, ನಮ್ಮದರಲ್ಲಿ ಒತ್ತಿದರೆ ಸದ್ದು ನಿಲ್ಲಿಸುತ್ತಿತ್ತು.

ತಂಗಿ ಎರಡನೆಯವಳಾಗಿ ಹತ್ತಿ, ಏರಿಯ ಕೊನೆಯವರೆಗೂ ಹೋಗಿ ಬಂದು, ಇಳಿದವಳೇ ತೀರ್ಪು ಕೊಟ್ಟಳು: “ಬೆನ್ನು ಸುಡ್ತತಿ.” ನಾವಿಬ್ಬರೂ ಅದನ್ನು ದೂರೆಂದು ತಿಳಿದು ನಕ್ಕೆವು. ಅದು ಎಚ್ಚರಿಕೆ ಎಂದು ತಿಳಿಯಲಿಲ್ಲ.

ಹರಿಹರಕ್ಕೆ ಮೊದಲ ಸಲ ಹೊರಟ ದಿನ, ಆರನೇ ಕಿಲೋಮೀಟರಿನ ಹತ್ತಿರ ಎಂಜಿನ್ನಿನ ದನಿ ಬದಲಾಯಿತು. ದಪ್ಪಗಾಗಿ, ಗಂಟಲು ಕಟ್ಟಿದ ಹಾಗೆ. ವೇಗ ಇಳಿಯಿತೆಂದು ಇನ್ನೂ ಆಕ್ಸಿಲರೇಟರ್ ಹಿಡಿದೆ, ಪೆದ್ದ. ಒಮ್ಮೆಲೇ ಎಂಜಿನ್ ಕಚ್ಚಿಕೊಂಡಿತು. ಎಂಜಿನ್ ನಿಂತರೆ ಉರುಳೆ ನಿಲ್ಲುತ್ತದೆ, ಉರುಳೆ ನಿಂತರೆ ಹಿಂದಿನ ಗಾಲಿಯೇ ನಿಲ್ಲುತ್ತದೆ. ನಾನು ಮಾತ್ರ ನಿಲ್ಲಲಿಲ್ಲ. ಎಡ ಮೊಣಕಾಲಿನ ಕೆಳಗೆ ಆ ಜಲ್ಲಿಯ ಗುರುತು ಈಗಲೂ ಇದೆ. ಕಲ್ಲಿನ ಚೀಲ ಬಿಚ್ಚಿ ರಸ್ತೆ ತುಂಬ ಸ್ಪ್ಯಾನರು. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಅಜ್ಜ ಒಂದೊಂದಾಗಿ ಆರಿಸಿ ಕೊಟ್ಟ, ಕಲ್ಲುಗಳನ್ನೂ ಸೇರಿಸಿ.

ಬಿಚ್ಚಿ ನೋಡಿದರೆ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರು. ಗಾಳಿ ಬೀಸುವ ಚಕ್ರವನ್ನೂ ಅದರ ಗೂಡನ್ನೂ ನಾವು ಮೊದಲ ದಿನವೇ ಕಿತ್ತೆಸೆದಿದ್ದೆವು. ಅದು ಔಷಧಿ ಹಾರಿಸಲಿಕ್ಕೆ, ನಮಗೇಕೆ ಎಂದು. ಆ ಗಾಳಿಯಲ್ಲಿ ಒಂದು ಪಾಲು ಸಿಲಿಂಡರಿನ ಮೈ ತಣಿಸಲು ತಿರುಗಿ ಬರುತ್ತಿತ್ತು. ಅಂದರೆ ಗದ್ದೆಯ ಭತ್ತಕ್ಕೆ ಬೀಸುತ್ತಲೇ ಮಿಷನ್ನು ತನಗೂ ಬೀಸಿಕೊಳ್ಳುತ್ತಿತ್ತು. ನಮ್ಮ ಗಾಡಿಯಲ್ಲಿ ಎಂಜಿನ್ನು ನನ್ನ ಬೆನ್ನ ಮರೆಯಲ್ಲಿ. ಎದುರುಗಾಳಿಯೂ ಇಲ್ಲ, ಬೀಸಣಿಗೆಯೂ ಇಲ್ಲ. ಇಪ್ಪತ್ತೈದು ವರ್ಷ ಲೇತಿನ ಮುಂದೆ ನಿಂತ ಮಾವ ಪಿಸ್ಟನ್ ಹಿಡಿದುಕೊಂಡು ಬಹಳ ಹೊತ್ತು ಕೂತ. “ಬಿಚ್ಚಾಕೆ ಮೊದ್ಲು ಕೇಳ್ಬೇಕಿತ್ತು, ಇದು ಯಾಕೈತಿ ಅಂತ” ಅಂದ. ನನ್ನನ್ನು ಬೈದದ್ದೋ ತನ್ನನ್ನೋ ಗೊತ್ತಾಗಲಿಲ್ಲ.

ನಯವಾದ ಎಮರಿ ಕಾಗದದಿಂದ ಗೀರುಗಳನ್ನು ಸವೆಸಿ, ರಿಂಗು ಬದಲಾಯಿಸಿದೆವು. ಮತ್ತೆ ಗಾಳಿಗೆ? ಮಾವ ತಗಡಿನಲ್ಲಿ ಮೊರದಾಕಾರದ್ದೊಂದು ಮಾಡಿ, ಎಡಗಡೆ ನನ್ನ ಮೈಯಿಂದ ಹೊರಕ್ಕೆ ಚಾಚುವಂತೆ ಕೂರಿಸಿದ. ಬಾಯಗಲದಲ್ಲಿ ಹಿಡಿದ ಗಾಳಿಯನ್ನು ಕಿರಿದಾಗುತ್ತ ಹೋಗಿ ಸಿಲಿಂಡರಿನ ರೆಕ್ಕೆಗಳ ಮೇಲೆ ಬಿಡುತ್ತಿತ್ತು. ಕಣದಲ್ಲಿ ಗಾಳಿ ಬಂದಾಗ ಮೊರ ಹಿಡಿದು ತೂರುವ ನಾವು, ಗಾಳಿಯನ್ನೇ ಹಿಡಿಯಲು ಮೊರ ಕಟ್ಟಿದೆವು. ಜೊತೆಗೊಂದು ಕಟ್ಟಳೆ: ಐದು ಕಿಲೋಮೀಟರಿಗೊಮ್ಮೆ ಗುಂಡಿ ಒತ್ತಿ, ಒಂದು ಬೀಡಿ ಸೇದುವಷ್ಟು ಹೊತ್ತು ನಿಲ್ಲಬೇಕು. ನಾನು ಬೀಡಿ ಸೇದುತ್ತಿರಲಿಲ್ಲ. ಮಾವನ ಕಾಲಮಾನ ಅದು.

ಆಮೇಲೆ ಗಾಡಿ ನಿಜವಾಗಿ ಓಡಿತು. ಕಿಲೋಮೀಟರ್ ಕಲ್ಲಿನಿಂದ ಕಲ್ಲಿಗೆ ಮಾವನ ಎಚ್‌ಎಂಟಿ ಗಡಿಯಾರ ಹಿಡಿದು ನೋಡಿದೆವು: ಎರಡು ನಿಮಿಷ ಇಪ್ಪತ್ತು ಸೆಕೆಂಡು. ಗಂಟೆಗೆ ಇಪ್ಪತ್ತಾರು ಕಿಲೋಮೀಟರಿಗೂ ಸ್ವಲ್ಪ ಕಡಿಮೆ. ಲೆಕ್ಕದಲ್ಲಿದ್ದ ಇಪ್ಪತ್ತೆಂಟರಲ್ಲಿ ಉಳಿದದ್ದನ್ನು ಟೈರು ತಿಂದಿತ್ತು. ಟೈರನ್ನು ಉರುಳೆ ತಿನ್ನುತ್ತಿತ್ತು. ತಿಂಗಳೊಳಗೆ ಅದು ಬೋಳಾಯಿತು.

ಹರಿಹರದ ವೃತ್ತದಲ್ಲಿ ಒಬ್ಬ ಪೊಲೀಸಿನವರು ಕೈ ಅಡ್ಡ ಹಿಡಿದರು. ಲೈಸೆನ್ಸು, ಆರ್‌ಸಿ? ಮಾವ ಹೇಳಿಕೊಟ್ಟಿದ್ದನ್ನು ಒಪ್ಪಿಸಿದೆ: “ಮೂವತ್ತೈದು ಸಿ.ಸಿ. ಸಾರ್, ಇದು ಮೋಟಾರು ಗಾಡಿಯಲ್ಲ, ಸೈಕಲ್ಲು.” ಅವರು ಕೂತು ಪಟ್ಟಿ ಓದಿದರು. ತಲೆಗೆಣ್ಣೆಯ ಡಬ್ಬಿ ನೋಡಿದರು, ಮೊರ ನೋಡಿದರು, ಬಾಗಿಲ ಕೀಲು ನೋಡಿದರು. ನಗು ತಡೆಯಲಾಗದೆ ಹೋಗು ಅಂದರು. ಕಾನೂನಿಗಿಂತ ನಗುವೇ ನನ್ನನ್ನು ಬಿಡಿಸಿತು ಎಂದುಕೊಂಡಿದ್ದೆ. ಆದರೆ ಮಾವನ ಮಾತು ಅಕ್ಷರಶಃ ಸರಿಯಿತ್ತು. 1988ರ ಮೋಟಾರು ವಾಹನ ಕಾಯ್ದೆ ನಾಲ್ಕಕ್ಕಿಂತ ಕಡಿಮೆ ಗಾಲಿಯ, 35 ಸಿ.ಸಿ. ಮೀರದ ಎಂಜಿನ್ನಿನ ಗಾಡಿಯನ್ನು ಮೋಟಾರು ವಾಹನವೆಂದೇ ಎಣಿಸುತ್ತಿರಲಿಲ್ಲ. ನಮ್ಮದು ಸರಿಯಾಗಿ ಗೆರೆಯ ಮೇಲೆ. 1994ರ ತಿದ್ದುಪಡಿಯಲ್ಲಿ ಆ ಗೆರೆ 25ಕ್ಕೆ ಇಳಿಯಿತು, ಜಾರಿಗೆ ಬಂದದ್ದು ನವೆಂಬರ್ 14ರಂದು. ಮಕ್ಕಳ ದಿನಾಚರಣೆಯ ದಿನ, ಮಕ್ಕಳ ಸೈಕಲ್ಲೊಂದು ಕಾನೂನಿನ ಕಣ್ಣಲ್ಲಿ ಮೋಟಾರು ವಾಹನವಾಯಿತು! ಈಗಿನ ಬ್ಯಾಟರಿ ಸೈಕಲ್ಲುಗಳಿಗೂ ಇಂಥದೇ ಒಂದು ಗೆರೆಯಿದೆ. ಮೋಟಾರು 250 ವಾಟಿಗಿಂತ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇರಬೇಕು. ನಮ್ಮ ಎಂಜಿನ್ನು ವಾಟಿನ ಲೆಕ್ಕದಲ್ಲಿ ಒಂಬೈನೂರರ ಹತ್ತಿರ. ಈಗ ಬೆಂಗಳೂರಿನ ರಸ್ತೆಯಲ್ಲಿ ಸದ್ದಿಲ್ಲದೆ ಪಕ್ಕದಲ್ಲಿ ಹಾದುಹೋಗುವ ಆ ಸೈಕಲ್ಲುಗಳನ್ನು ನೋಡಿದಾಗ ಮೆಚ್ಚುಗೆಯಾಗುತ್ತದೆ, ಹೊಟ್ಟೆಕಿಚ್ಚಾಗುವುದಿಲ್ಲ. ಎಣ್ಣೆ ಮೆತ್ತಿಕೊಳ್ಳದ ಗಾಡಿ ಯಾಕೋ ನನ್ನದೆನಿಸುವುದಿಲ್ಲ.

ಮಳೆ ಹಿಡಿಯಿತು. ಒದ್ದೆ ಟೈರಿನ ಮೇಲೆ ಉರುಳೆ ಜಾರತೊಡಗಿತು. ಎಂಜಿನ್ನು ಮುಗಿಲು ಹರಿಯುವ ಹಾಗೆ ಅರಚುತ್ತಿದ್ದರೂ ಸೈಕಲ್ಲು ನಿಂತಲ್ಲೇ. ಬೂದಿ ಉದುರಿಸಿ ನೋಡಿದೆ, ಉರುಳೆಗೆ ಹಳೆ ಟ್ಯೂಬು ತೊಡಿಸಿ ನೋಡಿದೆ. ಬಿಸಿಲು ಬಿದ್ದ ದಿನ ಕಾಲೇಜಿಗೆ ಔಷಧಿ ಗಾಡಿ, ಮಳೆಯ ದಿನ ಬಸ್ಸು. ದಿನೇ ದಿನೇ ಬಸ್ಸೇ ಹೆಚ್ಚಾಯಿತು.

ಸೆಪ್ಟೆಂಬರ್ ಕೊನೆಗೆ ಭತ್ತ ಹಾಲುಗಾಳಿಗೆ ಬರುವ ಹೊತ್ತಿಗೆ ಕಂದು ಜಿಗಿಹುಳ ಬಿತ್ತು. ಬುಡದಲ್ಲಿ ಕೂತು ರಸ ಹೀರುವ ಹುಳ; ನೋಡನೋಡುತ್ತ ಗದ್ದೆಯ ನಡುವೆ ಸುಟ್ಟ ಹಾಗೆ ಗುಂಡಗೆ ಒಣಗುತ್ತ ಬರುತ್ತದೆ. ಊರಿನ ಕೈಪಂಪುಗಳೆಲ್ಲ ಬಾಡಿಗೆಗೆ ಹೋಗಿದ್ದವು. ಒಂದು ರಾತ್ರಿ ಊಟ ಮಾಡುತ್ತ ಅಪ್ಪ, ತಟ್ಟೆ ನೋಡುತ್ತಲೇ, “ಮಿಷನ್ನು ಬೇಕಾಗಿತ್ತು” ಅಂದ. ಇಡೀ ರಜೆ ನಮ್ಮ ಕೆಲಸದ ಬಗ್ಗೆ ಅವನು ಒಳ್ಳೆಯದನ್ನೂ ಅಂದಿರಲಿಲ್ಲ, ಕೆಟ್ಟದ್ದನ್ನೂ ಅಂದಿರಲಿಲ್ಲ. ಹೊಸ ಡಬ್ಬ, ಹೊಸ ಕೊಳವೆ ಆಗಲೇ ಹರಿಹರದಿಂದ ತಂದು ಜಗುಲಿಯ ಮೂಲೆಯಲ್ಲಿಟ್ಟಿದ್ದ.

ಮಾವನಿಗೆ ಹೇಳಿಕಳಿಸಿದೆ. ಕಿತ್ತೆಸೆದಿದ್ದ ಗಾಳಿಚಕ್ರ, ಅದರ ಗೂಡು ಹಿತ್ತಲ ಗುಂಡಿಯ ಪಕ್ಕ ಕುಂಬಳ ಬಳ್ಳಿಯ ಅಡಿಯಲ್ಲಿ ಸಿಕ್ಕವು. ಉಜ್ಜಿ ತೊಳೆದೆವು. ಉರುಳೆ ಬಿಚ್ಚಿ ಚಕ್ರ ಕೂರಿಸುವಾಗ ಮಾವ ಪ್ರತಿ ಬೋಲ್ಟಿಗೂ ಸ್ಪ್ರಿಂಗ್ ವಾಷರ್ ಹಾಕಿದ. ಮೊದಲು ಅದರಲ್ಲಿ ಇರಲಿಲ್ಲ. ಸೈಕಲ್ಲಿನ ಹಿಂದೆ ಕೀಲು ಮತ್ತು ಪಟ್ಟಿ ಮಾತ್ರ ಉಳಿದವು; ತಂಗಿ ಅದರ ಮೇಲೆ ಹುಲ್ಲಿನ ಹೊರೆ ಕಟ್ಟಿಕೊಂಡು ಬರುವುದಕ್ಕೆ ಚೊಲೋ ಆಯಿತು ಅಂದಳು.

ಬೆಳಿಗ್ಗೆ ಅಪ್ಪ ಬದುವಿನ ಮೇಲೆ ಮಿಷನ್ನನ್ನು ಇಟ್ಟು ಹಗ್ಗ ಸುತ್ತಿದ. ಮೊದಲೆಲ್ಲ ಹತ್ತು ಸಲ ಎಳೆದು, ಬೈದು, ಪ್ಲಗ್ಗು ಬಿಚ್ಚಿ ಒರೆಸಿದ ಮೇಲೆ ಏಳುತ್ತಿದ್ದ ಎಂಜಿನ್ನು. ಒಂದೇ ಎಳೆತಕ್ಕೆ ಎದ್ದಿತು. ಅಪ್ಪ ಹಗ್ಗ ಕೈಯಲ್ಲೇ ಹಿಡಿದು ಸ್ವಲ್ಪ ಹೊತ್ತು ಅದರ ಸದ್ದು ಕೇಳಿದ.

“ಎಣ್ಣೆ ಎಷ್ಟು ಹಾಕೀದಿ?”

“ಲೀಟರಿಗೆ ನಲವತ್ತು ಎಂ.ಎಲ್.”

ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮಿಷನ್ನು ಬೆನ್ನಿಗೇರಿಸಿ, ಗದ್ದೆಗಿಳಿದ.